ಹಿಂಗಾರಿ ಜೋಳದ ಅಡಿಟಿಪ್ಪಣಿ

ಕಳೆದ ವಾರ ಮಾಧವನಗರದಿಂದ ಸಾಂಗ್ಲಿಗೆ ಬರುತ್ತಿದ್ದ ಶೇರ್ ಆಟೊ ದಾರಿಯಲ್ಲಿ ಒಂದು ಹೊಲದ ಬಳಿ ನಿಂತಿತು. ಚಾಲಕನ ಪರಿಚಯದವರು ಬದುವಿನ ಮೇಲೆ ಸಗಣಿ ಕುಳ್ಳಿನ ಬೆಂಕಿ ಮಾಡಿ ಜೋಳದ ಹಸಿ ತೆನೆ ಸುಡುತ್ತಿದ್ದರು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಕಾಳು ಬಿಡಿಸಿ, ಹಳೆಯ ಪತ್ರಿಕೆಯ ತುಂಡಿನಲ್ಲಿ ನಮಗೂ ಒಂದೊಂದು ಹಿಡಿ ಕೊಟ್ಟರು. ಮರಾಠಿಯಲ್ಲಿ ಇದಕ್ಕೆ ಹುರ್ಡಾ ಎನ್ನುತ್ತಾರೆ. ನಮ್ಮ ಮನೆಯ ಕನ್ನಡದಲ್ಲಿ ಸೀತನಿ. ಆಟೊದಲ್ಲಿದ್ದ ಉಳಿದವರೆಲ್ಲ ಅದರ ರುಚಿಯನ್ನು ಹೊಗಳುತ್ತಿದ್ದಾಗ, ನನಗೆ ಆ ಹೊಗೆಯ ವಾಸನೆಯಲ್ಲಿ ನಾನೇ ಬರೆದ ಒಂದು ಅಡಿಟಿಪ್ಪಣಿ ನೆನಪಾಯಿತು. ನಲವತ್ತಮೂರು ಪುಟಗಳ ಕಡತದಲ್ಲಿ ಅದು ಅರವತ್ತೊಂದನೆಯದು. ಒಬ್ಬ ಮನುಷ್ಯನ ಬದುಕನ್ನು ಅದು ಮುಳುಗಿಸುವುದರಲ್ಲಿತ್ತು.

ನಾನು ಸಾಂಗ್ಲಿಯ ಅರಿಸಿನ ವ್ಯಾಪಾರದ ಮನೆಯವಳು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಸ್ವಾತಂತ್ರ್ಯದ ಚಳವಳಿಯಿಂದ ಬಂದ ಶಿಕ್ಷಕರು ಕಟ್ಟಿದ್ದ ಒಂದು ಶಾಲೆಗೆ ಅಪ್ಪ ನನ್ನನ್ನು ಸೇರಿಸಿದ್ದರು. ಅನ್ಯಾಯವನ್ನು ಕಂಡರೆ ಅದರ ಹೆಸರು ಹಿಡಿದು ಹೇಳಬೇಕು, ಹೆಸರಿಲ್ಲದ ಅನ್ಯಾಯ ಹಾಗೇ ಉಳಿದುಬಿಡುತ್ತದೆ ಎಂದು ಅಲ್ಲಿ ನಮಗೆ ಕಲಿಸಿದ್ದರು. ಧಾರವಾಡದಲ್ಲಿ ಕಾನೂನು ಓದಿ ಬಂದ ಮೇಲೆ ನಾನು ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಪುಣೆಯ ಒಂದು ಸಣ್ಣ ಕಾನೂನು ನೆರವಿನ ಗುಂಪಿಗೆ ಸಂಶೋಧನೆ ಮಾಡಿಕೊಡುತ್ತಿದ್ದೆ. ತಮ್ಮ ದೇಶ ಬಿಟ್ಟು ಬಂದು ಆಶ್ರಯ ಕೇಳುವವರ ಅರ್ಜಿಗೆ ಆಧಾರ ಹುಡುಕುವುದು ನನ್ನ ಕೆಲಸ. ಅಲ್ಲಿ ನಡೆದ ಕಿರುಕುಳ ರಾಜಕೀಯದ್ದೇ, ಅದನ್ನು ಮಾಡಿದವರು ಯಾರು, ಅಲ್ಲಿನ ಸರ್ಕಾರಕ್ಕೆ ತನ್ನ ಪ್ರಜೆಯನ್ನು ಕಾಯುವ ಶಕ್ತಿ ಇತ್ತೇ, ಶಕ್ತಿ ಇದ್ದರೂ ಮನಸ್ಸಿತ್ತೇ: ಈ ಪ್ರಶ್ನೆಗಳಿಗೆ ವರದಿ, ಪತ್ರಿಕೆ, ಕಾಯಿದೆ, ನಕ್ಷೆಗಳಲ್ಲಿ ಉತ್ತರ ಹುಡುಕಿ ಬರೆಯಬೇಕು. ಕೆಳಗೆ ಅರಿಸಿನದ ಚೀಲಗಳ ಸದ್ದು, ಮೇಲೆ ಭೂಮಿಯ ಇನ್ನೊಂದು ಮೂಲೆಯ ಪೊಲೀಸ್ ಠಾಣೆಗಳ ಕತೆ. ಹೀಗೆ ನನ್ನ ದಿನಗಳು ಸಾಗುತ್ತಿದ್ದವು.

ಆದಂ ನನಗೆ ಪರಿಚಯವಾದದ್ದು ಅಂಥ ಒಂದು ಕಡತವಾಗಿ. ಅವನ ನಿಜವಾದ ಹೆಸರು ಬೇರೆ. ಅವನ ದೇಶದ ಹೆಸರನ್ನೂ ನಾನು ಬರೆಯುವುದಿಲ್ಲ. ಅವನ ತಾಯಿ ಇನ್ನೂ ಅಲ್ಲಿದ್ದಾರೆ. ಆಫ್ರಿಕದ ಒಂದು ಒಣ ಸೀಮೆ, ಕುರಿ ಸಾಕುವ, ಜೋಳ ಬೆಳೆಯುವ ಜನ ಎಂದಷ್ಟು ಹೇಳಿದರೆ ಸಾಕು. ಅವನು ಸಾಂಗ್ಲಿಯಲ್ಲಿ ಔಷಧ ವಿಜ್ಞಾನದ ಕೊನೆಯ ವರ್ಷ ಓದುತ್ತಿದ್ದ. ಹೊಳೆಯಾಚೆಯ ಸಾಂಗ್ಲಿವಾಡಿಯಲ್ಲಿ ಬಾಡಿಗೆಗಿದ್ದ. ಆ ಕೋಣೆ ಸಿಗುವ ಮೊದಲು ಸಾಂಗ್ಲಿಯಲ್ಲಿಯೂ ಮಿರಜಿನಲ್ಲಿಯೂ ಹಲವು ಮನೆಗಳ ಬಾಗಿಲು ಅವನ ಮುಖ ನೋಡಿ ಮುಚ್ಚಿದ್ದವು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ದಾರಿಯಲ್ಲಿ ಹೋಗುವಾಗ ಅವನ ಬಣ್ಣಕ್ಕೆ ಹೆಸರಿಟ್ಟು ಕೂಗುವವರಿದ್ದರು, ಮತ್ತು ಅವರು ನಮ್ಮ ಪೇಟೆಯ ಸುಶಿಕ್ಷಿತರ ಮಕ್ಕಳು. ನಮ್ಮದು ಸಂತರ ನಾಡು, ಶರಣರ ನಾಡು ಎಂದು ಭಾಷಣ ಮಾಡುವವರು ಈ ಮಾತನ್ನು ಕೇಳಿಸಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಬಾಗಿಲು ತೆರೆದವಳು ನಿಂಗವ್ವ. ಜತ್ತ ತಾಲೂಕಿನ ಗಡಿಯ ಹಳ್ಳಿಯವಳು, ಕುರಿ ಕಾಯುವ ಮನೆತನದವಳು. ಗಂಡ ಇದ್ದಾಗ ಇಬ್ಬರೂ ಬೇಸಗೆಗೆ ಮಂದೆ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಬರುತ್ತಿದ್ದರು. ಗೊಬ್ಬರಕ್ಕಾಗಿ ಸಮಡೋಳಿಯ ರೈತರು ತಮ್ಮ ಹೊಲಗಳಲ್ಲಿ ಅವರ ಕುರಿಗಳನ್ನು ಇರಿಸಿಕೊಳ್ಳುತ್ತಿದ್ದರು. ಅವನು ತೀರಿಕೊಂಡ ಮೇಲೆ ಮಂದೆ ಮಾರಿ, ಸಾಂಗ್ಲಿವಾಡಿಯಲ್ಲಿ ಮನೆ ಕೊಂಡು, ಮೂರು ಕೋಣೆ ಬಾಡಿಗೆಗೆ ಕೊಟ್ಟು ಇದ್ದಳು. ಅಂಗಳದಲ್ಲಿ ನಾಲ್ಕು ಕುರಿ ಮಾತ್ರ ಉಳಿಸಿಕೊಂಡಿದ್ದಳು, ಕೈ ಸುಮ್ಮನಿರಬಾರದೆಂದು. ಆದಂ ಎಂಬ ಹೆಸರನ್ನು ಅವಳು ಮೊದಲ ದಿನವೇ ಆದಪ್ಪ ಎಂದು ಮಾಡಿಕೊಂಡಿದ್ದಳು. ಬಂದ ಎರಡನೆಯ ದಿನ ಅವನು ಕೇಳದೆಯೇ ಕುಂಟುತ್ತಿದ್ದ ಕುರಿಯ ಗೊರಸು ಬಿಡಿಸಿ ಮುಳ್ಳು ತೆಗೆದಿದ್ದನಂತೆ. ಅಲ್ಲಿಂದ ಅವನ ಬಗ್ಗೆ ಅವಳಿಗೆ ಬೇರೆ ವಿಚಾರಣೆ ಬೇಕಾಗಲಿಲ್ಲ. ವಿದೇಶಿಯರನ್ನು ಮನೆಯಲ್ಲಿಟ್ಟುಕೊಂಡವರು ಪೊಲೀಸರಿಗೆ ತಿಳಿಸಬೇಕೆಂಬ ನಿಯಮದಂತೆ ಅವಳು ಠಾಣೆಗೆ ಹೋದಾಗ, ಇವನಿಗೂ ನಿನಗೂ ಏನು ಸಂಬಂಧ ಎಂದು ಒಬ್ಬ ಪೇದೆ ನಗೆಯಾಡಿದ್ದನಂತೆ. ಅದನ್ನು ಅವಳೇ ನನಗೆ ಹೇಳಿದಳು.

"ನಾ ಅಂದ್ಯಾ, ಬಾಡಿಗಿ ಕೊಡ್ತಾನ, ಕುರಿ ಮೇಸ್ತಾನ, ನಾ ಬೈದ್ರ ತಲಿ ಕೆಳಗ ಹಾಕ್ತಾನ. ನಿಮ್ಮ ಮನ್ಯಾಗ ಇಷ್ಟ ಮಾಡಾವ್ರ ಎಷ್ಟ ಮಂದಿ ಅದಾರ್ರಿ ಸಾಹೇಬ್ರ ಅಂತ."

ಆದಂನ ಸಂಕಟ ಹೀಗಿತ್ತು. ತನ್ನ ದೇಶದ ಪ್ರಾಂತದ ಪಟ್ಟಣದಲ್ಲಿ ಕಾಲೇಜು ಓದುತ್ತಿದ್ದಾಗ ಅವನು ಮತ್ತು ಮೂವರು ಗೆಳೆಯರು ಒಂದು ಕರಪತ್ರ ಅಚ್ಚು ಹಾಕಿಸಿದ್ದರು. ಪ್ರಾಂತಾಧಿಕಾರಿಯ ಬೆಂಬಲವಿದ್ದ ಒಂದು ಶಸ್ತ್ರಧಾರಿ ಪಡೆ ಕುರಿಗಾರರ ಹುಲ್ಲುಗಾವಲನ್ನು ಕಬಳಿಸುತ್ತಿದೆ ಎಂದು ಅದರಲ್ಲಿ ಹೆಸರು ಸಹಿತ ಬರೆದಿದ್ದರು. ಕರಪತ್ರದ ಕೆಳಗೆ ಸೆಪ್ಟೆಂಬರ್ ಎಂದು ಅಚ್ಚಾಗಿತ್ತು. ಅದಾದ ಮೇಲೆ ಒಂದು ದಿನ ಆ ಪಡೆಯವರು ಅವನ ಹಳ್ಳಿಗೆ ಬಂದು, ಹೊಲದಲ್ಲಿದ್ದ ಅವನ ಅಣ್ಣ ಮೂಸಾನನ್ನು ಗಾಡಿಗೆ ಹಾಕಿಕೊಂಡು ಹೋದರು. ತಾಯಿ ಮರಿಯಂ ಮೂರು ಸಲ ಪೊಲೀಸ್ ಠಾಣೆಗೆ ನಡೆದುಹೋದಳು. ಮೂರು ಸಲವೂ ಅವರು ದೂರು ಬರೆದುಕೊಳ್ಳಲಿಲ್ಲ. ಆದಂ ಸಂಬಂಧಿಕರ ಮನೆಗಳಲ್ಲಿ ಅವಿತಿದ್ದು, ಡಿಸೆಂಬರ್‌ನಲ್ಲಿ ವಿದ್ಯಾರ್ಥಿ ವೀಸಾ ಮೇಲೆ ಭಾರತಕ್ಕೆ ಬಂದ. ಈಗ, ನಾಲ್ಕು ವರ್ಷಗಳಾದ ಮೇಲೆ, ಅವನ ಪಾಸ್‌ಪೋರ್ಟಿನ ಅವಧಿ ಜುಲೈಗೆ ಮುಗಿಯುವುದಿತ್ತು. ಹೊಸದು ಬೇಕಾದರೆ ಸ್ವದೇಶಕ್ಕೇ ಬಂದು ಅರ್ಜಿ ಹಾಕು ಎಂದು ಅವನ ದೇಶದ ದೂತಾವಾಸ ಹೇಳಿತ್ತು. ಪಾಸ್‌ಪೋರ್ಟ್ ಇಲ್ಲದವನಿಗೆ ವೀಸಾ ಇಲ್ಲ, ವೀಸಾ ಇಲ್ಲದವನಿಗೆ ದೇಶ ಬಿಡುವ ನೋಟಿಸು. ನಿರಾಶ್ರಿತರಿಗೆಂದೇ ಒಂದು ಕಾಯಿದೆಯನ್ನು ನಮ್ಮ ದೇಶ ಇಷ್ಟು ವರ್ಷಗಳಲ್ಲಿ ಮಾಡಿಕೊಂಡಿಲ್ಲ. ಇದು ನಮ್ಮ ಪಾಲಿನ ತಪ್ಪು. ಉಳಿದದ್ದು ಒಂದೇ ದಾರಿ. ದಿಲ್ಲಿಯಲ್ಲಿರುವ ಅಂತರರಾಷ್ಟ್ರೀಯ ನಿರಾಶ್ರಿತರ ಕಚೇರಿ ಅವನನ್ನು ನಿರಾಶ್ರಿತನೆಂದು ಒಪ್ಪಿ ಪ್ರಮಾಣಪತ್ರ ಕೊಡಬೇಕು.

ಆ ಚಳಿಗಾಲದಲ್ಲಿ ನಾನು ಮಾಡಿದಷ್ಟು ಕೆಲಸವನ್ನು ಮತ್ತೆಂದೂ ಮಾಡಿಲ್ಲ. ಬೆಳಗ್ಗೆ ಸೇತುವೆ ದಾಟಿ ಸಾಂಗ್ಲಿವಾಡಿಗೆ ಹೋಗುವಾಗ ಹೊಳೆಯ ಮೇಲೆ ಮಂಜು ಕುಳಿತಿರುತ್ತಿತ್ತು. ನಿಂಗವ್ವನ ಮನೆಯ ಗೋಡೆಯಲ್ಲಿ ಮಹಾಪೂರದ ನೀರು ಬಂದ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು; ಅದರ ಕೆಳಗೆ ಚಾಪೆ ಹಾಸಿ, ಲ್ಯಾಪ್‌ಟಾಪ್ ತೆರೆದು, ಆದಂನ ಹೇಳಿಕೆ ಬರೆದುಕೊಳ್ಳುತ್ತಿದ್ದೆ. ಅವನು ಹಿಂದಿಯಲ್ಲಿ ಹೇಳುತ್ತಿದ್ದ. ನಡುನಡುವೆ ಅವನ ಭಾಷೆ ನುಸುಳುತ್ತಿತ್ತು, ಒಮ್ಮೊಮ್ಮೆ ನಿಂಗವ್ವನ ಕನ್ನಡವೂ. ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಗೆ ಮರಳಿ ಆಧಾರ ಹುಡುಕುತ್ತಿದ್ದೆ. ಆ ಪಡೆಯ ಮೇಲೆ ದೂರು ಕೊಟ್ಟವರಿಗೆ ಏನಾಯಿತು, ಪೊಲೀಸರು ಎಷ್ಟು ಸಲ ಕೈಚೆಲ್ಲಿದರು, ನ್ಯಾಯಾಧೀಶರನ್ನು ನೇಮಿಸುವವರು ಯಾರು, ಅದೇ ದೇಶದ ಬೇರೆ ಊರಿಗೆ ಹೋಗಿ ಅವನು ಬದುಕಬಹುದಿತ್ತೇ. ಒಂದೊಂದು ಸಿಕ್ಕಾಗಲೂ ಒಂದೊಂದು ಅಡಿಟಿಪ್ಪಣಿ. ಯಾವ ಅನ್ಯಾಯವೂ ನನ್ನ ಕೈಯಿಂದ ತಪ್ಪಿಹೋಗಬಾರದು ಎಂಬುದೊಂದೇ ಛಲ. ಗಣಿಗಳದ್ದು ಬರೆದೆ, ಪತ್ರಿಕೆಗಳ ಬಾಯಿ ಕಟ್ಟಿದ್ದು ಬರೆದೆ, ಹೆಂಗಸರ ಮೇಲೆ ನಡೆದದ್ದು ಬರೆದೆ. ಪುಣೆಯ ನಮ್ಮ ವಕೀಲೆ ಶಾಲಿನಿತಾಯಿ (ಮರಾಠಿಯ ತಾಯಿ, ಅಂದರೆ ಅಕ್ಕ) ಫೋನಿನಲ್ಲಿ, ನಿನ್ನ ಅಡಿಟಿಪ್ಪಣಿಗಳಿಂದ ಕಾಪಾಡಿ ಎಂದು ನಾನೇ ದಿಲ್ಲಿಗೆ ಅರ್ಜಿ ಹಾಕಬೇಕಾದೀತು ಎಂದು ನಕ್ಕರು. ನಾನು ನಗಲಿಲ್ಲ.

ಇಡೀ ಅರ್ಜಿ ನಿಂತದ್ದು ಒಂದು ಸರಪಳಿಯ ಮೇಲೆ: ಕರಪತ್ರ ಮೊದಲು, ಅಣ್ಣನ ಅಪಹರಣ ಆಮೇಲೆ, ಅದರಿಂದ ಇವನ ಓಟ. ಈ ಕ್ರಮ ನಿಂತರೆ ಅದು ರಾಜಕೀಯ ಕಿರುಕುಳ. ಕ್ರಮ ಮುರಿದರೆ ಹುಲ್ಲಿಗಾಗಿ ನಡೆದ ಹಳ್ಳಿಯ ಜಗಳ, ಅದಕ್ಕೂ ಇವನಿಗೂ ಸಂಬಂಧವಿಲ್ಲ. ಅಪಹರಣದ ಹೊತ್ತಿಗೆ ಆದಂ ಪಟ್ಟಣದಲ್ಲಿದ್ದ. ಸುದ್ದಿ ಮುಟ್ಟಿದ ಆ ವಾರಗಳಲ್ಲಿ ದಿನ ದಿನಕ್ಕೊಂದು ಮನೆ ಬದಲಿಸುತ್ತಿದ್ದವನಿಗೆ ತಾರೀಖುಗಳೆಲ್ಲ ಕಲಸಿಹೋಗಿದ್ದವು. ಕಣ್ಣಾರೆ ಕಂಡವಳು ತಾಯಿ ಮಾತ್ರ. ಅವಳ ಹೇಳಿಕೆ ಬೇಕಾಗಿತ್ತು.

ಅವಳ ಹಳ್ಳಿಯಲ್ಲಿ ಫೋನು ಹತ್ತುವುದು ಸಂತೆಯ ದಿನ, ಸಂತೆಯೂರಿಗೆ ಬಂದಾಗ. ಜನವರಿಯ ಒಂದು ಮಧ್ಯಾಹ್ನ ಕರೆ ಬಂತು. ಆ ದಿನ ಸಮಡೋಳಿಯ ಹಳೆಯ ಪರಿಚಯದ ರೈತರೊಬ್ಬರು ನಿಂಗವ್ವನಿಗೆ ಸೀತನಿ ಕಳಿಸಿದ್ದರು. ನಮ್ಮ ಮೂವರ ನಡುವೆ ಒಂದು ಬುಟ್ಟಿ ಹಸಿರು ಕಾಳು, ಶೇಂಗಾ ಚಟ್ನಿ, ಬೆಲ್ಲ. ಆದಂ ಫೋನಿನಲ್ಲಿ ಕೇಳಿ ಕೇಳಿ ನನಗೆ ಹಿಂದಿಯಲ್ಲಿ ಹೇಳುತ್ತಿದ್ದ. ತಾಯಿ ಹೇಳಿದ್ದು ಇಷ್ಟು: ನಾವು ಹೊಲದಲ್ಲಿ ಕುಳಿತು ಜೋಳದ ಹಸಿ ತೆನೆ ಸುಡುತ್ತಿದ್ದೆವು. ಕಾಳು ಇನ್ನೂ ಮೆತ್ತಗಿತ್ತು. ಗಾಡಿ ಬಂತು. ಕಾಗದ ಬರೆದವನ ಅಣ್ಣ ಯಾರು ಎಂದು ಕೇಳಿದರು. ಮೂಸಾ ಕೈಯ ಬೂದಿ ಒರೆಸಿಕೊಂಡು ತಾನೇ ಎದ್ದು ನಿಂತ.

ಆದಂ ಅದನ್ನು ಹೇಳಿ ಮುಗಿಸಿ, ಕೈಯಲ್ಲಿದ್ದ ಕಾಳನ್ನು ಬುಟ್ಟಿಗೇ ಹಾಕಿದ.

ನಿಂಗವ್ವ ಅಂದಳು: "ಉಣ್ಣಾಕ ಕುಂತ ಮಂದಿನ್ನ ಎಬ್ಬಿಸಿಕೊಂಡ ಹೋದ್ರಲ್ಲೋ, ಹಾಟ್ಯಾರು."

ಯಾವ ತಿಂಗಳು ಎಂದು ನಾನು ಕೇಳಿಸಿದೆ. ಉಪವಾಸದ ತಿಂಗಳೊಂದನ್ನು ಬಿಟ್ಟರೆ ಉಳಿದವುಗಳ ಲೆಕ್ಕ ಮರಿಯಂಗೆ ಬೇಕಾಗಿರಲಿಲ್ಲ. ತಿಂಗಳು ಗೊತ್ತಿಲ್ಲ, ಕಾಳು ಮೆತ್ತಗಿತ್ತು ಎಂದು ಅವಳು ಮತ್ತೆ ಅದನ್ನೇ ಹೇಳಿದಳು. ನಾನು ಮತ್ತೂ ಒತ್ತಾಯ ಮಾಡಿದಾಗ ನಿಂಗವ್ವ ನನ್ನನ್ನು ತಡೆದಳು.

"ತಿಂಗಳ ಯಾಕ ಹಿಡದ ಕುಂತಿ ಶೈಲಾ? ಸೀತನಿ ದಿನಾ ಅಂತ ಹೇಳಿದ್ಲಲ್ಲ ಆಕಿ. ಸಂಕ್ರಮಣದ ಹಿಂದ ಮುಂದ ಆತು. ಬರಕೋ."

ಬುಟ್ಟಿ ಎದುರಿಗೇ ಇತ್ತು. ಸಂಕ್ರಮಣಕ್ಕೆ ಮೂರು ದಿನ ಬಾಕಿ ಇತ್ತು. ಅನುಮಾನಕ್ಕೆ ಜಾಗವೆಲ್ಲಿ? ಕುರಿಗಾರ ಹೆಂಗಸಿನ ಕಾಲಜ್ಞಾನವನ್ನು ಕ್ಯಾಲೆಂಡರ್ ನೋಡುವ ಆಫೀಸಿನವರು ತಿಳಿಯದೇ ಹೋಗಬಾರದೆಂದು, ತಾಯಿಯ ಹೇಳಿಕೆಯ ಕೆಳಗೆ ನಾನು ಒಂದು ಅಡಿಟಿಪ್ಪಣಿ ಹಾಕಿದೆ. ಹಸಿ ಜೋಳ ಸುಟ್ಟು ತಿನ್ನುವ ಕಾಲ ಜನವರಿ, ಸುಗ್ಗಿಯ ಹಬ್ಬದ ಆಸುಪಾಸು ಎಂದು. ಅದು ದಿಲ್ಲಿಯವರಿಗೆ ಉಪಕಾರವಾಗುವುದೆಂದೇ ಭಾವಿಸಿದ್ದೆ. ಆದಂಗೆ ಇಡೀ ಕಡತವನ್ನು ಓದಲು ಕೊಟ್ಟೆ. ಅವನು ತನ್ನ ಹೇಳಿಕೆ ಓದಿದ. ತಾಯಿಯ ಪುಟಗಳನ್ನು ಮಾತ್ರ ಮಗುಚಿಟ್ಟ. ಅವಳ ಬಾಯಿಂದ ಒಮ್ಮೆ ಕೇಳಿದ್ದನ್ನು ಮತ್ತೆ ಓದಲು ತನಗಾಗದು ಎಂದ. ಅವನನ್ನು ಒತ್ತಾಯಿಸುವುದು ಕ್ರೌರ್ಯವೆಂದು ನನಗೆ ತೋರಿತು.

ಮಾರ್ಚ್‌ನಲ್ಲಿ ಸಂದರ್ಶನಕ್ಕೆ ಕರೆ ಬಂತು. ಅವನನ್ನು ದಿಲ್ಲಿಯ ರೈಲು ಹತ್ತಿಸಲು ನಾವಿಬ್ಬರೂ ಮಿರಜ್ ಜಂಕ್ಷನ್ನಿಗೆ ಹೋದೆವು. ನಿಂಗವ್ವ ಎರಡು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಿದ್ದಳು. ಅಲ್ಲಿ ಸಾಹೇಬರು ಏನಾದರೂ ಕೇಳಿದರೆ ಹೆದರಬೇಡ, ನಿಮ್ಮ ಅವ್ವ ಹೇಳಿದ್ದೇ ಹೇಳು ಎಂದು ಬುದ್ಧಿ ಹೇಳಿದಳು. ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ.

ಐದನೆಯ ದಿನ ಅವನು ಮರಳಿ ಬಂದಾಗ ಅವನ ಮುಖ ನೋಡಿಯೇ ನಮಗೆ ತಿಳಿಯಿತು. ಸಂದರ್ಶನದ ಅಧಿಕಾರಿ ಮರ್ಯಾದೆಯಿಂದಲೇ ಎಲ್ಲವನ್ನೂ ಕೇಳಿದರಂತೆ. ಕೊನೆಗೆ ತಾಯಿಯ ಹೇಳಿಕೆಯ ಪುಟ ತೆರೆದು, ನೀವು ಡಿಸೆಂಬರ್‌ನಲ್ಲೇ ಭಾರತಕ್ಕೆ ಬಂದಿದ್ದೀರಿ, ನಿಮ್ಮ ಅಣ್ಣನನ್ನು ಒಯ್ದದ್ದು ಜನವರಿಯಲ್ಲಿ ಎಂದು ಇಲ್ಲಿದೆ. ಹಾಗಾದರೆ ಇನ್ನೂ ನಡೆಯದ ಸಂಗತಿಗೆ ಹೆದರಿ ನೀವು ಓಡಿಬಂದದ್ದು ಹೇಗೆ ಎಂದರಂತೆ. ತಪ್ಪು ನಿಮ್ಮದೋ, ನಿಮ್ಮ ತಾಯಿಯದೋ ಎಂದು ಅವರು ಕೇಳಿದಾಗ ಇವನು ಒಂದೇ ಉತ್ತರ ಕೊಟ್ಟಿದ್ದ.

ಅದನ್ನು ಅವನು ನಮ್ಮೆದುರು ನೆಲ ನೋಡುತ್ತ ಕನ್ನಡದಲ್ಲೇ ಹೇಳಿದ: "ನಾ ಅಂದೆ, ಅವ್ವ ಸುಳ್ಳ ಹೇಳಂಗಿಲ್ಲ."

ಹದಿನೈದು ದಿನದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅಧಿಕಾರಿ ತಿಳಿಸಿದ್ದರು. ನಾನು ಮೊದಲು ಮಾಡಿದ್ದು ಸಿಟ್ಟು. ನೊಂದವರ ಬಾಯಲ್ಲಿ ತಾರೀಖು ಹುಡುಕುವ ವ್ಯವಸ್ಥೆ, ಬಡವರ ನೆನಪನ್ನು ಸುಳ್ಳೆಂದು ಓದುವ ಕಚೇರಿಗಳು, ಜಗತ್ತಿನ ಗಡಿಗಳು ಎಲ್ಲವನ್ನೂ ಬೈದು ಆರು ಪುಟ ಬರೆದು ಶಾಲಿನಿತಾಯಿಗೆ ಕಳಿಸಿದೆ. ಅವರು ಅದನ್ನು ಓದಿ, ಇದರಲ್ಲಿ ಪ್ರತಿಯೊಂದು ಮಾತೂ ಸರಿಯಾಗಿದೆ, ಆದರೆ ಪ್ರಶ್ನೆಗೆ ಉತ್ತರವಿಲ್ಲ ಎಂದರು. ಜನವರಿ ಎಂದು ಹೇಳಿದವರು ಯಾರು, ಅದನ್ನು ಮೊದಲು ಹುಡುಕು ಎಂದರು.

ಹುಡುಕಬೇಕಾಗಿರಲಿಲ್ಲ. ಹೇಳಿದವರು ನಾವು. ತಾಯಿಯ ಪುಟವನ್ನೂ ಮಗ ಬಂದ ತಾರೀಖಿನ ಪುಟವನ್ನೂ ನಾನು ಒಮ್ಮೆಯೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆದರೆ ಜನವರಿ ತಪ್ಪಾದದ್ದು ಹೇಗೆಂಬುದು ನನಗೆ ಆಗಲೂ ಹೊಳೆಯಲಿಲ್ಲ. ನಾನು ಜೋಳವನ್ನು ಚೀಲದಲ್ಲಿ ಕಂಡವಳು. ಹೊಲದಲ್ಲಿ ಅದು ಯಾವಾಗ ಏನಾಗುತ್ತದೆಂದು ಎಂದೂ ಯೋಚಿಸಿದವಳಲ್ಲ. ಮರಿಯಂಳನ್ನೇ ಕೇಳೋಣವೆಂದರೆ ಆ ವಾರ ಅವರ ಪ್ರಾಂತದಲ್ಲಿ ಫೋನುಗಳೇ ಬಂದ್ ಆಗಿದ್ದವು. ದಿನಗಳು ಹೋಗುತ್ತಿದ್ದವು. ಬಿಸಿಲು ಏರಿತ್ತು. ಹೊಳೆ ನಡುವಿನ ಬಂಡೆಗಳು ತೋರುವಷ್ಟು ಇಳಿದಿತ್ತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಿಂಗವ್ವ ಅಂಗಳದಲ್ಲಿ ಕುರಿಗಳಿಗೆ ಜೋಳದ ದಂಟಿನ ಒಣ ಕಣಿಕೆ ಹಾಕುತ್ತಿದ್ದವಳು ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದಳು.

"ಆದಪ್ಪ, ನಿಮ್ಮಲ್ಲಿ ಜ್ವಾಳ ಮುಂಗಾರಿದೋ ಹಿಂಗಾರಿದೋ?"

ಅವನಿಗೆ ಆ ಶಬ್ದಗಳು ತಿಳಿಯಲಿಲ್ಲ. ಅವಳು ಬಿಡಿಸಿ ಕೇಳಿದಳು. ಮೊದಲ ಮಳೆಗೆ ಬಿತ್ತುತ್ತೀರೋ, ಮಳೆಯೆಲ್ಲ ಮುಗಿದ ಮೇಲೆ ತೇವದ ನೆಲದಲ್ಲಿ ಬಿತ್ತುತ್ತೀರೋ? ಮೊದಲ ಮಳೆಗೆ ಎಂದ ಅವನು. ಮಳೆಯ ನಂತರ ಅಲ್ಲಿ ನೆಲದಲ್ಲಿ ಏನೂ ನಿಲ್ಲುವುದಿಲ್ಲ ಎಂದ. ನಿಂಗವ್ವ ಕಣಿಕೆಯನ್ನು ಅಲ್ಲೇ ಬಿಟ್ಟು ಕುಳಿತುಬಿಟ್ಟಳು.

"ಹಂಗಾರ ದಸರಾಕ್ಕನ ಸೀತನಿ ಬಂದಿರ್ತೇತಿ. ಸಂಕ್ರಮಣಕ್ಕ ಹೊಲಾ ಖಾಲಿ. ಆಕಿ ಬರೋಬರಿ ಹೇಳ್ಯಾಳ. ನಾವ ನಮ್ಮ ಹೊಲಾ ಒಯ್ದ ಆಕಿ ಊರಾಗ ಇಟ್ಟ ಬಂದೇವಿ."

ಸಾಂಗ್ಲಿಯ ಸುತ್ತ ನಾವು ತಿನ್ನುವ ಸೀತನಿ ಹಿಂಗಾರಿ ಜೋಳದ್ದು. ದಸರೆಯ ಸುಮಾರಿಗೆ ಬಿತ್ತಿ, ಚಳಿಯಲ್ಲಿ ಬೆಳೆದು, ಸಂಕ್ರಮಣಕ್ಕೆ ಹಾಲುಗಾಳಾಗುವಂಥದು. ಜಗತ್ತಿನಲ್ಲಿ ಜೋಳ ಸುಡುವವರೆಲ್ಲ ಇದೇ ಕಾಲದಲ್ಲಿ ಸುಡುತ್ತಾರೆಂದು ಆ ಬುಟ್ಟಿಯ ಸುತ್ತ ಕುಳಿತ ನಾವು ನಂಬಿದ್ದೆವು. ಆದಂ ಕೂಡ ನಮ್ಮಲ್ಲಿ ಮೂರು ಚಳಿಗಾಲ ಸೀತನಿ ತಿಂದಿದ್ದ. ಅವನಿಗೂ ಆ ದಿನ ಸಂಕ್ರಮಣ ಎಂಬ ಮಾತು ವಿಚಿತ್ರವೆನಿಸಿರಲಿಲ್ಲ. ಮರಿಯಂಳ ಮಾತನ್ನು ಅವಳ ದೇಶದ ಪೊಲೀಸರು ಬರೆದುಕೊಳ್ಳಲಿಲ್ಲ ಎಂದು ಮೂರು ಪುಟ ಖಂಡಿಸಿದ್ದ ನಾನು, ಅವಳ ಮಾತಿನ ಮೇಲೆ ನನ್ನ ತಿಂಗಳನ್ನು ಬರೆದಿದ್ದೆ. ಇದಕ್ಕೂ ಒಂದು ಹೆಸರಿದೆ. ಅದನ್ನು ಬೇರೆಯವರ ವಿಷಯದಲ್ಲಿ ನಾನು ಎಷ್ಟೋ ಸಲ ಬಳಸಿದ್ದೇನೆ: ಅಹಂಕಾರ.

ಆಮೇಲಿನ ನಾಲ್ಕು ದಿನ ನನ್ನ ಬದುಕಿನ ಅತ್ಯಂತ ಸಂತೋಷದ ದಿನಗಳಲ್ಲಿ ಸೇರುತ್ತವೆ. ಅಪರಾಧಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ನಾನು ಮಳೆಯನ್ನು ಓದಿದೆ. ಆ ಪ್ರಾಂತದಲ್ಲಿ ಮಳೆ ಯಾವಾಗ ಹಿಡಿಯುತ್ತದೆ, ಬಿತ್ತನೆ ಯಾವಾಗ, ಕೊಯ್ಲು ಯಾವಾಗ ಎಂದು ಕೃಷಿ ಮತ್ತು ಆಹಾರದ ವರದಿಗಳಲ್ಲಿ ಹುಡುಕಿದೆ. ಬೆಳೆಯ ಪಂಚಾಂಗಗಳು ಸಿಕ್ಕವು; ಆ ವರ್ಷದ ಮಳೆಯ ದಾಖಲೆಯೂ ಸಿಕ್ಕಿತು. ಅರ್ಥವಾಗದ್ದನ್ನು ನಿಂಗವ್ವನ ಮುಂದೆ ಓದಿ ಹೇಳುತ್ತಿದ್ದೆ. ಬಿತ್ತಿದ ಎಷ್ಟು ದಿನಕ್ಕೆ ಹೊಡೆ ಹಾಯ್ದು ತೆನೆ ಮೂಡುತ್ತದೆ, ಎಷ್ಟು ದಿನಕ್ಕೆ ಹಾಲು ತುಂಬುತ್ತದೆ, ಸೀತನಿಯ ಮೆತ್ತಗಿನ ಕಾಳು ಎಷ್ಟು ದಿನ ಹಾಗೆ ಉಳಿಯುತ್ತದೆ ಎಂದು ಅವಳು ಬೆರಳು ಮಡಿಸಿ ಹೇಳುತ್ತಿದ್ದಳು. ಎಲ್ಲ ಸೇರಿ ಅಕ್ಟೋಬರ್‌ಗೆ ಬಂದು ನಿಂತಿತು. ಕರಪತ್ರದ ನಂತರ, ವಿಮಾನದ ಮೊದಲು.

ಫೋನು ಮತ್ತೆ ಹತ್ತಿದ್ದು ಗಡುವಿಗೆ ಎರಡು ದಿನ ಇದ್ದಾಗ. ಈ ಸಲ ನಾನು ತಿಂಗಳು ಕೇಳಲಿಲ್ಲ. ನಿಂಗವ್ವ ಕೇಳಿದಳು, ಆದಂ ಅವರ ಭಾಷೆಗೆ ತಿರುಗಿಸಿದ. ಅದೇ ಹೊಲದ ಜೋಳವನ್ನು ಆಮೇಲೆ ಕೊಯ್ದವರು ಯಾರು ಎಂಬುದು ಅವಳ ಪ್ರಶ್ನೆ. ಮರಿಯಂ ಹೇಳಿದಳು: ಮೂಸಾ ಇರಲಿಲ್ಲ, ನಾನೂ ಅವನ ಚಿಕ್ಕಪ್ಪನೂ ಕೊಯ್ದೆವು. ಆ ಜೋಳ ಮಾರಿದ ಹಣದಲ್ಲೇ ನಿನ್ನ ವಿಮಾನದ ಚೀಟಿ ತೆಗೆದದ್ದು, ನಿನಗೆ ಗೊತ್ತಿಲ್ಲವೇ? ಆದಂಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಅದನ್ನು ಅವನಿಂದ ಮುಚ್ಚಿಟ್ಟಿದ್ದ. ಅವನು ಫೋನನ್ನು ಹಣೆಗೆ ಒತ್ತಿಕೊಂಡ.

ಹಸಿ ತೆನೆ, ಕೊಯ್ಲು, ಮಾರಾಟ, ಟಿಕೆಟ್. ಟಿಕೆಟ್ ತೆಗೆದ ದಿನ ಅದರ ಮೇಲೇ ಇತ್ತು. ಎರಡೇ ಪುಟದ ವಿವರಣೆ ಬರೆದೆ. ಜನವರಿ ಎಂಬ ಮಾತು ಸಾಕ್ಷಿಯದಲ್ಲ, ಸಂಶೋಧಕಿಯದು; ನಮ್ಮ ಸೀಮೆಯ ಬೆಳೆಯನ್ನು ಸಾಕ್ಷಿಯ ಸೀಮೆಗೆ ಹೊಂದಿಸಿದ್ದರಿಂದ ಆದ ತಪ್ಪು ಎಂದು ಮೊದಲ ಸಾಲಿನಲ್ಲೇ ಹೇಳಿ ನನ್ನ ಹೆಸರು ಹಾಕಿದೆ. ಅಡಿಟಿಪ್ಪಣಿ ಒಂದೂ ಇರಲಿಲ್ಲ. ಶಾಲಿನಿತಾಯಿ ಒಂದು ಅಲ್ಪವಿರಾಮವನ್ನು ಮಾತ್ರ ತಿದ್ದಿ ಕಳಿಸಿದರು.

ನಂತರ ಕಾಯುವ ತಿಂಗಳುಗಳು. ಆದಂ ಕೊನೆಯ ಪರೀಕ್ಷೆಗೆ ಓದಿದ, ಬರೆದ. ಸಂಜೆ ಕುರಿಗಳನ್ನು ಹೊಳೆಯ ದಂಡೆಗೆ ಹೊಡೆದುಕೊಂಡು ಹೋಗುತ್ತಿದ್ದ. ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತಿದ್ದೆ. ಸಾಂಗ್ಲಿವಾಡಿಯ ರೈತರು ಅವನಿಗೆ ತಮ್ಮ ಕುರಿಗಳ ಬಾಯಿ, ಗೊರಸು ತೋರಿಸಲು ಶುರುಮಾಡಿದ್ದರು. ಔಷಧದ ಓದು ಒಂದು, ಮನೆತನದ ಕಸುಬು ಇನ್ನೊಂದು. ಎರಡೂ ಅವನ ಕೈಯಲ್ಲಿದ್ದವು. ಮೊದಲು ಅವನನ್ನು ಕಂಡು ಬಾಗಿಲು ಮುಚ್ಚುತ್ತಿದ್ದ ಒಬ್ಬರು ತಮ್ಮ ಆಡನ್ನು ಎತ್ತಿಕೊಂಡು ನಿಂಗವ್ವನ ಮನೆಗೆ ಬಂದಾಗ, ಅವಳು ಅವರನ್ನು ಅಂಗಳದಲ್ಲೇ ಒಂದಿಷ್ಟು ಹೊತ್ತು ನಿಲ್ಲಿಸಿ, ಡಾಕ್ಟರ್ ಊಟ ಮಾಡಾಕತ್ಯಾರ್ರಿ, ತಡೀರಿ ಎಂದಳು. ನನಗೆ ಆ ಪ್ರತೀಕಾರ ಬಹಳ ಹಿಡಿಸಿತು.

ಜೂನ್ ತಿಂಗಳ ಮೊದಲ ಮಳೆ ಬಂದ ವಾರ ಪುಣೆಯಿಂದ ಪತ್ರ ಬಂತು. ದಿಲ್ಲಿಯ ಕಚೇರಿ ಆದಂನನ್ನು ನಿರಾಶ್ರಿತನೆಂದು ಒಪ್ಪಿತ್ತು. ಪ್ರಮಾಣಪತ್ರ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಅದನ್ನು ಹಿಡಿದು ಇಲ್ಲಿ ದೀರ್ಘಾವಧಿಯ ವೀಸಾಕ್ಕೆ ಅರ್ಜಿ ಹಾಕಬೇಕು, ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಕಾಯಿದೆಯಿಲ್ಲದ ದೇಶದಲ್ಲಿ ಅಧಿಕಾರಿಯ ಮರ್ಜಿಯೇ ಕಾಯಿದೆ. ಮೂಸಾ ಇಂದಿಗೂ ಸಿಕ್ಕಿಲ್ಲ. ಇದನ್ನೆಲ್ಲ ಬಲ್ಲೆ. ಆದರೂ ಆ ದಿನ ಅವನನ್ನು ಎಲ್ಲಿಗೂ ಹಿಂದಕ್ಕೆ ಕಳಿಸಲಾರರು ಎಂಬ ಕಾಗದ ನಮ್ಮ ಕೈಯಲ್ಲಿತ್ತು.

ಸಂತೆಯ ದಿನಕ್ಕೆ ಕಾದು ಅವನು ತಾಯಿಗೆ ಫೋನು ಮಾಡಿದ. ನಾವಿಬ್ಬರೂ ಅವನ ಎದುರು ಕುಳಿತಿದ್ದೆವು. ಹಂಚಿನ ಮೇಲೆ ಮಳೆ ಜೋರಾಗಿದ್ದರಿಂದ ಸ್ಪೀಕರ್ ಹಾಕಿದ್ದ. ನಿರ್ಣಯದ ಜೊತೆ ಬಂದಿದ್ದ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಮೂಸಾನನ್ನು ಅವನ ತಮ್ಮನ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಒಯ್ದರೆಂಬ ತಾಯಿಯ ಹೇಳಿಕೆಯನ್ನು ನಂಬಲಾಗಿದೆ. ಅವನು ಅದನ್ನು ತನ್ನ ಭಾಷೆಗೆ ತಿರುಗಿಸಿ ನಿಧಾನವಾಗಿ ಓದಿದ. ತಾಯಿ ಮತ್ತೆ ಓದಲು ಹೇಳಿದಳು, ಓದಿದ. ಕೊನೆಗೆ ಅವಳು ಏನೋ ಕೇಳಿದಳು. ಆದಂ ಕಾಗದವನ್ನು ತಿರುವಿ ಹಾಕಿ ಹುಡುಕತೊಡಗಿದ.

ಏನಂತೆ ಎಂದು ನಾನು ಕೇಳಿದೆ. ನಂಬಿದವರು ಯಾರು, ಅವರ ಹೆಸರು ಹೇಳು ಎನ್ನುತ್ತಿದ್ದಾಳೆ, ಆದರೆ ಇದರಲ್ಲಿ ಯಾರ ಹೆಸರೂ ಇಲ್ಲ ಎಂದ ಅವನು. ಅಂಥ ಕಾಗದಗಳಲ್ಲಿ ಅಧಿಕಾರಿಗಳ ಹೆಸರು ಇರುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ನಿಂಗವ್ವ ಸೆರಗು ಸರಿಮಾಡಿಕೊಂಡು ಫೋನಿನ ಹತ್ತಿರ ಸರಿದಳು.

"ನನ್ನ ಹೆಸರ ಹೇಳೋ ಆದಪ್ಪ. ನಾ ಮದಲಿಂದ ನಂಬೇನಿ."

ಅವನು ಹೇಳಿದ. ಅಷ್ಟು ದೂರದ ಸಂತೆಯ ಗದ್ದಲದೊಳಗಿಂದ ಆ ತಾಯಿ ನಿಂಗವ್ವ ಎಂಬ ಹೆಸರನ್ನು ತನ್ನ ನಾಲಗೆಗೆ ಬಂದಂತೆ ಒಮ್ಮೆ ಅಂದಳು. ಸರಿಯಾಗಲಿಲ್ಲವೆಂದು ತಾನೇ ತಿದ್ದಿಕೊಂಡು, ಇನ್ನೊಮ್ಮೆ ಅಂದಳು. ನಿಂಗವ್ವ ಎರಡು ಸಲವೂ "ಓ" ಎಂದು ಓಗೊಟ್ಟಳು.